ಕಷ್ಟವನ್ನು ಅಳೆಯುವ ಉದ್ಯೋಗ

ಬಿ.ಎ. ಮುಗಿದ ಮೇಲೆ ಯಾವ ಕೆಲಸಕ್ಕೆ ಸೇರುವೆ ಎಂದು ನಮ್ಮ ಕಡೆ ಯಾರು ಕೇಳಿದರೂ, ಕೇಳುವವರ ಮನಸ್ಸಿನಲ್ಲಿರುವ ಉದ್ಯೋಗಗಳು ಮೂರು ನಾಲ್ಕೇ. ಮೇಷ್ಟ್ರ ಕೆಲಸ, ಪೊಲೀಸು, ಬಸ್ಸಿನ ಕಂಡಕ್ಟರು, ಬಹಳವೆಂದರೆ ತಾಲ್ಲೂಕು ಕಚೇರಿಯ ಗುಮಾಸ್ತೆ. ಇವುಗಳ ಸಂಬಳವೆಷ್ಟು, ಗಿಂಬಳವೆಷ್ಟು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವ ಉದ್ಯೋಗಕ್ಕೆ ನಮ್ಮಲ್ಲಿ ಸರಿಯಾದ ಒಂದು ಹೆಸರೂ ಇಲ್ಲ. ಒಬ್ಬ ಮನುಷ್ಯನಿಗಿರುವ ಕಷ್ಟ ಎಂತಹುದು, ಎಷ್ಟು, ಅದಕ್ಕೆ ಸರ್ಕಾರದಿಂದ ಆಗತಕ್ಕ ಸಹಾಯವೇನು ಎಂಬುದನ್ನು ಅವನ ಮನೆಬಾಗಿಲಿಗೇ ಹೋಗಿ ನೋಡಿ, ಕೇಳಿ, ಕಾಗದದ ಮೇಲೆ ಇಳಿಸುವುದೇ ಈ ಕೆಲಸ. ಕೇಳುವುದಕ್ಕೆ ಸುಲಭ. ಕಳೆದ ಬೇಸಗೆಯ ರಜೆಯಲ್ಲಿ ಸಮಾಜಶಾಸ್ತ್ರದ ಕಿರುಪ್ರಬಂಧಕ್ಕಾಗಿ ಈ ಕೆಲಸದವರ ಹಿಂದೆ ತಿರುಗಾಡಿದ ನನಗೆ, ನೆಲವನ್ನು ಅಳೆಯುವ ಸರ್ವೆಯವರ ಕೆಲಸಕ್ಕಿಂತ ಇದು ಎಷ್ಟೋ ಪಾಲು ಕಠಿನವಾದುದೆಂದು ತೋರಿತು. ಆದುದರಿಂದ ಅದರ ವಿಚಾರವಾಗಿ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ಇದು ಸ್ಥಳೀಯ ಸಂಸ್ಥೆಗಳ ನೌಕರರಿಗೆ ಸೇರಿದ ಕೆಲಸ. ನಮ್ಮಲ್ಲಿಯಾದರೋ ಅದು ನಾಲ್ಕಾರು ಜನರ ನಡುವೆ ಹಂಚಿಹೋಗಿದೆ. ವೃದ್ಧಾಪ್ಯ ವೇತನಕ್ಕೋ ವಿಧವಾ ವೇತನಕ್ಕೋ ಅರ್ಜಿ ಬಂದರೆ ಮನೆಗೆ ಬಂದು ನಿಜವೇ ಸುಳ್ಳೇ ಎಂದು ನೋಡತಕ್ಕವರು ಗ್ರಾಮ ಆಡಳಿತಾಧಿಕಾರಿಗಳು. ನಿನ್ನೆ ಮೊನ್ನೆಯವರೆಗೆ ಇವರನ್ನು ಗ್ರಾಮ ಲೆಕ್ಕಾಧಿಕಾರಿ ಎನ್ನುತ್ತಿದ್ದರು. ನಮ್ಮಜ್ಜಿಯ ಬಾಯಲ್ಲಿ ಈಗಲೂ ಅವರು ‘ಶಾನುಭೋಗ್ರು’ ಆಗಿಯೇ ಇದ್ದಾರೆ. ಮಗುವಿನ ತೂಕ ಸಾಲದೆಂದು ಕಂಡುಹಿಡಿಯುವವರು ಅಂಗನವಾಡಿಯ ಕಾರ್ಯಕರ್ತೆ. ಗರ್ಭಿಣಿ ಬಾಣಂತಿಯರ ಲೆಕ್ಕ ಆಶಾ ಕಾರ್ಯಕರ್ತೆಯದು. ಅಂಗವಿಕಲರ ವಿಷಯಕ್ಕೆ ಮಾತ್ರ ಬೇರೆಯೇ ಒಬ್ಬರಿದ್ದಾರೆ. ಅವರೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ಕರೆಯುವಂತೆ ವಿ.ಆರ್.ಡಬ್ಲ್ಯು. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇವರು; ಪಟ್ಟಣಗಳಲ್ಲಿ ಇದೇ ಕೆಲಸ ಮಾಡುವ ನಗರ ಪುನರ್ವಸತಿ ಕಾರ್ಯಕರ್ತರು; ಇವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಈ ಯೋಜನೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಸಂಗತಿಯೊಂದುಂಟು. ಈ ಕಾರ್ಯಕರ್ತರು ಸ್ವತಃ ಅಂಗವಿಕಲರು. ಅವರಿಗೆ ಸಿಕ್ಕುವುದು ಸಂಬಳವಲ್ಲ, ಗೌರವಧನ. ಆ ಹೆಸರಿನಲ್ಲಿ ಗೌರವವೂ ಇದೆ, ಧನವೂ ಇದೆ; ಕೈಗೆ ಬರುವಾಗ ಎರಡೂ ಕಡಮೆ.

ನಾನು ಯಾರ ಹಿಂದೆ ತಿರುಗಿದೆನೋ ಅವರು ಚಳ್ಳಕೆರೆ ತಾಲ್ಲೂಕಿನ ಒಂದು ಪಂಚಾಯಿತಿಯ ವಿ.ಆರ್.ಡಬ್ಲ್ಯು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸಣ್ಣಗಾದವರು. ಕಾಲಿಗೆ ಕ್ಯಾಲಿಪರ್ ಕಟ್ಟಿ, ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತಾರೆ. ಹೆಸರು ಹೇಳಬೇಡವೆಂದಿದ್ದಾರೆ, ಊರೆಲ್ಲ ಅವರನ್ನು ಅಕ್ಕ ಎನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಮೊದಲು ಕಾಗದಪತ್ರಗಳ ದಾರಿಯನ್ನು ಹೇಳಿಬಿಡುತ್ತೇನೆ. ೧೯೯೫ರ ಕಾನೂನು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ೨೦೧೬ರ ಹೊಸ ಕಾನೂನು ಅವನ್ನು ೨೧ಕ್ಕೆ ಏರಿಸಿತು. ಇವುಗಳಲ್ಲಿ ಯಾವುದಾದರೊಂದು ಇದೆಯೆಂದು ಸರ್ಕಾರಿ ಆಸ್ಪತ್ರೆಯ ತಜ್ಞ ವೈದ್ಯರು ಪರೀಕ್ಷಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಪರೀಕ್ಷೆಯಲ್ಲಿ ನಮಗೆ ಅಂಕ ಬಂದ ಹಾಗೆಯೇ, ಆದರೆ ಇಲ್ಲಿ ಹೆಚ್ಚು ಬಂದಷ್ಟೂ ದೌರ್ಭಾಗ್ಯ. ನಲವತ್ತು ಬಂದರೆ ತೇರ್ಗಡೆ. ಅಂಕಕ್ಕೆ ತಕ್ಕಂತೆ ಗುರುತಿನ ಚೀಟಿಯ ಬಣ್ಣ ಬದಲಾಗುತ್ತದೆ: ನಲವತ್ತಕ್ಕಿಂತ ಕಡಮೆಯಾದರೆ ಬಿಳಿ, ನಲವತ್ತರಿಂದ ಮೇಲೆ ಹಳದಿ, ಎಂಬತ್ತು ಮುಟ್ಟಿದರೆ ನೀಲಿ. ಬಿಳಿಯ ಚೀಟಿಯಿಂದ ಮಾಸಾಶನ ಹುಟ್ಟುವುದಿಲ್ಲ. ನಲವತ್ತು ದಾಟಿದವರಿಗೆ ತಿಂಗಳಿಗೆ ೬೦೦ ರೂಪಾಯಿ ಇದ್ದುದನ್ನು ೨೦೨೧ರಲ್ಲಿ ೮೦೦ ಮಾಡಿದರು. ಎಪ್ಪತ್ತೈದಕ್ಕೆ ಮೇಲ್ಪಟ್ಟವರಿಗೆ ಅದಕ್ಕಿಂತ ಹೆಚ್ಚು.

ಇಷ್ಟೇ ಸಾಲದು. ಕುಟುಂಬದ ವಾರ್ಷಿಕ ಆದಾಯ ೩೨,೦೦೦ ರೂಪಾಯಿಗಳನ್ನು ಮೀರಬಾರದು. ವಾಚಕರು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ೨೦೨೫–೨೬ನೆಯ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ ೩೭೦ ರೂಪಾಯಿ. ಮನೆಯವರು ಸೇರಿ ನೂರು ದಿನ ಮಣ್ಣು ಹೊತ್ತರೆ ೩೭,೦೦೦ ಆಯಿತು. ಅಂದರೆ ಸರ್ಕಾರವೇ ಕೊಡುವ ಕೂಲಿಯನ್ನು ಪೂರ್ತಿಯಾಗಿ ದುಡಿದ ಬಡವನು ಸರ್ಕಾರದ ಲೆಕ್ಕದಲ್ಲಿ ಬಡವನಾಗಿ ಉಳಿಯುವುದಿಲ್ಲ! ಈ ಗಂಟನ್ನು ಬಿಡಿಸುವ ಬಗೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದಾಯ ಪತ್ರದಲ್ಲಿ ಬರೆದ ಅಂಕಿಯನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ, ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕೇಳುವುದು ಹೇಗೆ?

‘ನಿಮಗೇನು ತೊಂದರೆ?’ ಎಂದು ಎಂದಿಗೂ ಕೇಳಕೂಡದೆಂಬುದು ಅಕ್ಕ ನನಗೆ ಹೇಳಿಕೊಟ್ಟ ಮೊದಲನೆಯ ಪಾಠ. ಹಾಗೆ ಕೇಳಿದರೆ ಎರಡೇ ಬಗೆಯ ಉತ್ತರಗಳು ಬರುತ್ತವೆ. ಮಾನವಂತರಾದವರು, ‘ಏನೂ ಇಲ್ಲ ಕಣವ್ವ, ಚೆನ್ನಾಗಿದೀನಿ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ’ ಎನ್ನುತ್ತಾರೆ. ಕಚೇರಿಗೆ ಅಲೆದು ಪಳಗಿದವರು ಒಂದು ಗಂಟೆ ಅಳುತ್ತಾರೆ. ಎರಡರಿಂದಲೂ ನಿಜ ಹೊರಡುವುದಿಲ್ಲ. ಅಕ್ಕ ಕೇಳುವ ಪ್ರಶ್ನೆಗಳೇ ಬೇರೆ. ‘ಬೆಳಿಗ್ಗೆ ನೀರು ಯಾರು ತಂದ್ರಜ್ಜಿ?’ ‘ಮುದ್ದೆ ತಿರುವಿದ್ದು ನೀವೋ ಸೊಸೆಯೋ?’ ‘ರಾತ್ರಿ ಎದ್ದು ಹೊರಗೆ ಹೋಗ್ಬೇಕಾದ್ರೆ ಯಾರನ್ನ ಎಬ್ಬಿಸ್ತೀರಿ?’ ‘ಕೊನೇ ಸಲ ಸಂತೆಗೆ ಹೋಗಿದ್ದು ಯಾವಾಗ?’ ಇವಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ, ಏಕೆಂದರೆ ಇವು ಅರ್ಜಿಯ ಪ್ರಶ್ನೆಗಳೆಂದೇ ಅವರಿಗೆ ಹೊಳೆಯುವುದಿಲ್ಲ. ಅಕ್ಕಪಕ್ಕದ ಮಾತಿನಂತೆ ಕೇಳುತ್ತ ಹೋದರೆ ಕಾಲು ಗಂಟೆಯಲ್ಲಿ ಒಂದು ಮನೆಯ ಇಡೀ ದಿನ ಕಣ್ಣ ಮುಂದೆ ನಿಲ್ಲುತ್ತದೆ.

ಕೇಳುವುದರ ಜೊತೆಗೆ ನೋಡುವುದೂ ಇದೆ. ಊರುಗೋಲಿನ ಹಿಡಿ ಸವೆದಿದೆಯೋ ಹೊಸದಾಗಿದೆಯೋ? ನೀರಿನ ಬಿಂದಿಗೆ ನೆಲದ ಮೇಲಿದೆಯೋ, ಬಗ್ಗಲಾರದವರಿಗೆಂದು ಕಟ್ಟೆಯ ಮೇಲೆ ಏರಿದೆಯೋ? ಒಂದು ಮನೆಯಲ್ಲಿ ಮಂಚದ ಕಾಲಿನಿಂದ ಹಿತ್ತಿಲ ಬಾಗಿಲವರೆಗೆ ಸೆಣಬಿನ ಹಗ್ಗವೊಂದನ್ನು ಸೊಂಟದೆತ್ತರಕ್ಕೆ ಬಿಗಿದು ಕಟ್ಟಿದ್ದರು. ಬಟ್ಟೆ ಒಣಹಾಕುವುದಕ್ಕೆಂದು ನಾನು ತಿಳಿದೆ. ಕಣ್ಣು ಕಾಣದ ಅಜ್ಜಿ ಅದನ್ನು ಹಿಡಿದುಕೊಂಡು ಹಿತ್ತಿಲಿಗೆ ಹೋಗಿಬರುತ್ತಿದ್ದರು. ಸೊಸೆ ಕೂಲಿಗೆ ಹೋದಾಗ ಯಾರನ್ನೂ ಕೂಗಬೇಕಾಗದಂತೆ ಅವರೇ ಹೇಳಿ ಕಟ್ಟಿಸಿಕೊಂಡದ್ದಂತೆ. ಅಕ್ಕ ಅರ್ಜಿಯ ಹಿಂಬದಿಯಲ್ಲಿ ‘ಹಗ್ಗ’ ಎಂದು ಬರೆದುಕೊಂಡರು. ಅದನ್ನು ಬರೆಯಲು ಅರ್ಜಿಯ ಮುಂಬದಿಯಲ್ಲಿ ಜಾಗವಿರಲಿಲ್ಲ.

ಮಾತನಾಡುವವರು ಯಾರೆಂಬುದೂ ಮುಖ್ಯ. ಎಷ್ಟೋ ಮನೆಗಳಲ್ಲಿ ಅಂಗವಿಕಲರ ಪರವಾಗಿ ಮಗನೋ ಅಣ್ಣನೋ ಉತ್ತರಿಸಿಬಿಡುತ್ತಾನೆ. ಅಂತಹ ಕಡೆ ಅಕ್ಕ, ‘ತಮ್ಮಾ, ರೇಷನ್ ಕಾರ್ಡು ಜೆರಾಕ್ಸು ಬೇಕಿತ್ತಲ್ಲ’ ಎಂದು ಅವನನ್ನು ಹೊರಗೆ ಕಳುಹಿಸುತ್ತಾರೆ. ಜೆರಾಕ್ಸ್ ಅಂಗಡಿ ದೂರವಿದ್ದಷ್ಟೂ ಒಳ್ಳೆಯದು.

ನಮ್ಮ ತಾಲ್ಲೂಕಿನಲ್ಲಿ ಕಾಡುಗೊಲ್ಲರ ಹಟ್ಟಿಗಳೂ ಮ್ಯಾಸನಾಯಕರ ಹಟ್ಟಿಗಳೂ ಬಹಳ. ಹಲವು ಹಟ್ಟಿಗಳ ಒಳಗೆ ಪಾದರಕ್ಷೆ ಮೆಟ್ಟಿ ಹೋಗುವ ಪದ್ಧತಿಯಿಲ್ಲ. ಅಕ್ಕನ ಕ್ಯಾಲಿಪರಾದರೋ ಬೂಟಿಗೇ ಜೋಡಿಸಿದ್ದು. ಬೂಟು ಬಿಚ್ಚಿದರೆ ಕಾಲೇ ಬಿಚ್ಚಿದ ಹಾಗೆ. ನಾನು ನೋಡಿದ ದಿನ ಹಟ್ಟಿಯ ಬಾಗಿಲಲ್ಲಿ ಅವರು ಸ್ಕೂಟರಿನ ಮೇಲೆಯೇ ಕುಳಿತು, ಒಳಗಿನವರನ್ನು ಹೊರಕ್ಕೆ ಕರೆಸುವುದೆಂದು ನಿಶ್ಚಯಿಸಿದ್ದರು. ಹಿರಿಯರೊಬ್ಬರು ಬಂದು ಬೂಟನ್ನೂ ಕಬ್ಬಿಣದ ಪಟ್ಟಿಯನ್ನೂ ಸ್ವಲ್ಪ ಹೊತ್ತು ನೋಡಿ, ‘ಅದು ಮೆಟ್ಟಲ್ಲ, ಕಾಲು. ಬಾ ತಾಯಿ’ ಎಂದರು. ವಾದವಿವಾದ ಏನೂ ನಡೆಯಲಿಲ್ಲ. ಅಂಗವೈಕಲ್ಯದ ಸಾಧನವನ್ನು ದೇಹದ ಭಾಗವೆಂದೇ ಎಣಿಸಬೇಕೆಂದು ನಮ್ಮ ಪಠ್ಯಪುಸ್ತಕದಲ್ಲಿ ಎರಡು ಪುಟಗಳ ವಿವರಣೆಯಿದೆ.

ಆ ಹಟ್ಟಿಯಲ್ಲಿ ಕಂಡ ಒಬ್ಬ ಕುರಿಗಾಹಿಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ವಯಸ್ಸು ಐವತ್ತರ ಹತ್ತಿರ. ಬಂಡೆಯಿಂದ ಬಿದ್ದು ಮಂಡಿ ಮುರಿದು, ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿತ್ತು. ಆಸ್ಪತ್ರೆಯಲ್ಲಿ ನಡೆ ಎಂದರು, ನಡೆದರು. ಕುಳಿತುಕೋ ಎಂದರು, ಕುಳಿತರು. ನಲವತ್ತಕ್ಕೆ ಕೆಳಗೆ ಬಂತು, ಬಿಳಿಯ ಚೀಟಿ. ವೈದ್ಯರ ತಪ್ಪೇನೂ ಇಲ್ಲ, ಮಂಡಿ ಎಷ್ಟು ಮಡಿಚುತ್ತದೆ ಎಂಬುದನ್ನು ಅವರು ನ್ಯಾಯವಾಗಿಯೇ ಅಳೆದಿದ್ದಾರೆ. ಆದರೆ ಅಂಗಡಿಯಲ್ಲಿ ಕೂರುವವನಿಗೆ ಆ ಮಂಡಿ ಸಾಕು. ಕುರಿಯ ಹಿಂದೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ಕಾವಲಿನಲ್ಲಿ ಅಲೆಯುವವನಿಗೆ ಸಾಲದು. ಅವರು ಕುರಿಗಳನ್ನು ಮಾರಿದ್ದರು. ಶೇಕಡಾ ಅಂಕ ದೇಹಕ್ಕೆ ಸಂಬಂಧಪಟ್ಟದ್ದು. ಅಗತ್ಯವೆಂಬುದು ಬದುಕಿಗೆ ಸಂಬಂಧಪಟ್ಟದ್ದು. ಈ ಎರಡರ ನಡುವಿನ ಅಂತರವನ್ನು ಮನೆಗೆ ಹೋದವರು ಮಾತ್ರ ಕಾಣಬಲ್ಲರು. ಹಾಗೆ ಕಂಡವರ ಕೈಯಲ್ಲಿ ಅಂಕ ಕೊಡುವ ಅಧಿಕಾರವಿಲ್ಲ.

ಹಾಗಾದರೆ ಅಂಕವನ್ನೇ ತೆಗೆದುಹಾಕಿ, ಕಂಡವರ ಮಾತಿಗೇ ಬಿಡಬಹುದಲ್ಲ ಎಂದು ವಾಚಕರು ಕೇಳಬಹುದು. ನಾನೂ ಅಕ್ಕನನ್ನು ಹಾಗೆಯೇ ಕೇಳಿದೆ. ಅವರು ನಕ್ಕು, ‘ಹಂಗ್ ಮಾಡಿದ್ರೆ ನಾಳೆಯಿಂದ ಮೆಂಬರ್ ನೆಂಟರಿಗೆಲ್ಲ ಮಂಡಿ ನೋವು ಬರ್ತೈತೆ’ ಎಂದರು. ಈ ಮಾತಿಗೆ ಎದುರಾಡುವುದು ಕಷ್ಟ. ಅಳತೆಗೋಲು ಒರಟಾದರೂ ಅದು ಎಲ್ಲರಿಗೂ ಒಂದೇ.

ಮತ್ತೊಂದು ಸಂಗತಿ ನೀರಿನದು. ಮಳೆ ಬಹಳ ಕಡಮೆ ಬೀಳುವ ಈ ಸೀಮೆಯಲ್ಲಿ ಕೆರೆಗಳು ಬತ್ತಿದಂತೆಲ್ಲ ಬೋರುಬಾವಿಗಳು ಆಳಕ್ಕಿಳಿದವು. ಕಲ್ಲಿನೊಳಗಿನ ಫ್ಲೋರೈಡು ಆ ನೀರಿನಲ್ಲಿ ಮೇಲಕ್ಕೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಂಗಿಂತ ಹೆಚ್ಚಿರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಎಷ್ಟೋ ಬಾವಿಗಳು ಅದನ್ನು ದಾಟಿವೆ. ಮೊದಲು ಹಲ್ಲಿನ ಮೇಲೆ ಕಂದು ಗೆರೆಗಳು ಬೀಳುತ್ತವೆ. ವರ್ಷಗಟ್ಟಲೆ ಕುಡಿದವರಿಗೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಹಿಂದಿನಿಂದ ಕರೆದರೆ ಕತ್ತು ತಿರುಗದೆ ಇಡೀ ದೇಹವನ್ನೇ ತಿರುಗಿಸಿ ನೋಡುವ ಅಜ್ಜಿಯರನ್ನು ನಾವೆಲ್ಲ ಕಂಡಿದ್ದೇವೆ. ವಯಸ್ಸಾಯಿತೆಂದು ತಿಳಿದು ಸುಮ್ಮನಿದ್ದೇವೆ. ೨೧ರ ಪಟ್ಟಿಯಲ್ಲಿ ಈ ಕಾಯಿಲೆಗೆ ಪ್ರತ್ಯೇಕವಾದ ಹೆಸರಿಲ್ಲ. ಕೈಕಾಲುಗಳ ಚಲನೆಯ ವೈಕಲ್ಯವೆಂಬ ತಲೆಬರಹದ ಕೆಳಗೆ ಅದನ್ನು ಸೇರಿಸಿ ತೋರಿಸಬೇಕು. ಶುದ್ಧ ನೀರಿನ ಘಟಕಗಳು ಈಗ ಬಂದಿವೆ. ಆದರೆ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರಲಾರದವರೇ ಆ ಅಜ್ಜಿಯರು! ಅಂತಹವರು ಮನೆಯ ಮುಂದಿನ ನಲ್ಲಿಯ ನೀರನ್ನೇ ಕುಡಿಯುತ್ತಾರೆ. ‘ಬೆಳಿಗ್ಗೆ ನೀರು ಯಾರು ತಂದ್ರು’ ಎಂಬ ಪ್ರಶ್ನೆಯ ಬೆಲೆ ಈಗ ತಿಳಿದಿರಬಹುದು.

ಕಷ್ಟದಲ್ಲಿರುವವರನ್ನು ಹುಡುಕಿ ನೋಡುವುದಕ್ಕೆ ನೌಕರರನ್ನು ಇಡುವುದು ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ೧೮೯೨ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಮಾಡಿದರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬರೆದ ಆ ಅಪ್ಪಣೆ, ಮೊದಲು ಅವರ ಆರೋಗ್ಯವನ್ನು ಹಾರೈಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಇದೇ ಅಶೋಕನ ಮತ್ತೊಂದು ಶಾಸನ, ಬಂಡೆಗಲ್ಲು ಶಾಸನಗಳ ಪೈಕಿ ಐದನೆಯದು, ನಮ್ಮಲ್ಲಿಲ್ಲ, ಆಂಧ್ರದ ಎರ್ರಗುಡಿಯಲ್ಲಿದೆ. ಪಟ್ಟಾಭಿಷೇಕವಾಗಿ ಹದಿಮೂರು ವರ್ಷಗಳಾದ ಮೇಲೆ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಿದುದಾಗಿ ಅದರಲ್ಲಿ ಹೇಳಿದೆ. ದಿಕ್ಕಿಲ್ಲದವರು, ಮುದುಕರು ಇವರ ಯೋಗಕ್ಷೇಮ ಆ ಅಧಿಕಾರಿಗಳಿಗೆ ಸೇರಿತ್ತು. ಸೆರೆಯಲ್ಲಿರುವವನಿಗೆ ಮಕ್ಕಳುಂಟೋ, ಅವನು ವೃದ್ಧನೋ ಎಂಬುದನ್ನು ವಿಚಾರಿಸಿ ನೆರವಾಗುವುದೂ ಅವರ ಕೆಲಸವಾಗಿತ್ತು. ಅಪರಾಧವೆಷ್ಟೆಂದು ಮಾತ್ರವಲ್ಲ, ಮನೆಯಲ್ಲಿ ಯಾರಿದ್ದಾರೆಂದೂ ಕೇಳಬೇಕೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಅರಸನಿಗೆ ತೋಚಿತ್ತು.

ಇದಕ್ಕೆ ವಿರುದ್ಧವಾದ ಪದ್ಧತಿಯನ್ನೂ ನಮ್ಮ ಹಿರಿಯರು ಉಂಡಿದ್ದಾರೆ. ೧೮೭೬ರಿಂದ ೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯ ಸುಮಾರು ಹತ್ತು ಲಕ್ಷ ಜನ ಸತ್ತರು. ಆ ಕಾಲದ ಆಂಗ್ಲ ಸರ್ಕಾರದವರು ಹಸಿವನ್ನು ಅಳೆಯಲು ಕಂಡುಕೊಂಡ ಉಪಾಯವೆಂದರೆ ಕೆಲಸದ ಪರೀಕ್ಷೆ. ಅಲ್ಪ ಕೂಲಿಗೆ ಕಲ್ಲು ಒಡೆಯಲು ಒಪ್ಪಿದವನೇ ನಿಜವಾದ ಹಸಿದವನು ಎಂಬುದು ಅದರ ಸಿದ್ಧಾಂತ. ಕಲ್ಲು ಒಡೆಯಲಾರದಷ್ಟು ಹಸಿದವರ ಗತಿಯೇನು? ೧೮೮೦ರ ಕ್ಷಾಮ ಆಯೋಗದ ತರುವಾಯ ಬಂದ ನಿಯಮಗಳಲ್ಲಿ, ಹಳ್ಳಿ ಹಳ್ಳಿಗೂ ಹೋಗಿ ಅಶಕ್ತರ ಪಟ್ಟಿ ಬರೆದು ಅವರಿಗೆ ಧರ್ಮಾರ್ಥವಾಗಿ ಕೊಡಬೇಕೆಂಬ ಏರ್ಪಾಡಾಯಿತು. ಅಂದಿನ ಆ ಪಟ್ಟಿಗೂ ಇಂದಿನ ಅಕ್ಕನ ಪುಸ್ತಕಕ್ಕೂ ಬಹಳ ದೂರವಿಲ್ಲ.

ಮೊಳಕಾಲ್ಮೂರಿನಲ್ಲಿ ನನ್ನ ಸೋದರಮಾವನ ಮನೆಯಿದೆ. ರಜೆಯ ಕೊನೆಯ ವಾರ ಅಲ್ಲಿಗೆ ಹೋದಾಗ ಆ ಪಟ್ಟಣದ ಕಾರ್ಯಕರ್ತರೊಡನೆಯೂ ಎರಡು ದಿನ ಓಡಾಡುವ ಅವಕಾಶ ದೊರೆಯಿತು. ಅಲ್ಲಿನ ಕೆಲಸಕ್ಕೆ ಕನ್ನಡ ಒಂದೇ ಸಾಲದು. ರಾಯದುರ್ಗ ಹತ್ತಿರದಲ್ಲೇ ಇರುವ ಗಡಿ. ಅನೇಕ ಮನೆಗಳಲ್ಲಿ ಹೊರಗೆ ಕನ್ನಡ, ಒಲೆಯ ಮುಂದೆ ತೆಲುಗು. ಕಷ್ಟವನ್ನು ಜನ ಒಲೆಯ ಮುಂದಿನ ಭಾಷೆಯಲ್ಲಿಯೇ ಹೇಳುತ್ತಾರೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಕೇಳದವರಿಲ್ಲ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಅಂತಹ ಸೀರೆಗಳನ್ನು ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕುಳಿತು ನೇಯ್ದ ಒಬ್ಬ ನೇಕಾರರ ಮನೆಗೆ ನಾವು ಹೋದೆವು. ವಯಸ್ಸು ೫೭. ದೃಷ್ಟಿ ಕುಂದಿದೆ. ಬೀದಿಯಲ್ಲಿ ಯಾರ ಸಹಾಯವೂ ಇಲ್ಲದೆ ನಡೆಯುತ್ತಾರೆ. ಎದುರಿಗೆ ಬಂದವರ ಗುರುತು ಹಿಡಿಯುತ್ತಾರೆ. ಆದರೆ ತುಂಡಾದ ರೇಷ್ಮೆಯ ಎಳೆ ಕಣ್ಣಿಗೆ ಕಾಣುವುದಿಲ್ಲ. ಅಂಚಿನಲ್ಲಿ ಎಳೆ ತಪ್ಪಿದರೆ ಸೀರೆ ಕೆಟ್ಟಿತು, ಕೂಲಿ ಹಿಡಿದರು. ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳನ್ನು ಅವರು ಸಾಕಷ್ಟು ಓದಿದ್ದರಿಂದ ನಲವತ್ತು ಬರಲಿಲ್ಲ. ರೇಷ್ಮೆಯ ಎಳೆಯಷ್ಟು ಸಣ್ಣ ಅಕ್ಷರ ಆ ಹಲಗೆಯ ಮೇಲೆ ಇಲ್ಲ. ಅರವತ್ತು ತುಂಬಿರದ ಕಾರಣ ವೃದ್ಧಾಪ್ಯ ವೇತನವಿಲ್ಲ. ತಿಂಗಳಿಗೆ ೧,೨೦೦ ರೂಪಾಯಿಯ ಸಂಧ್ಯಾ ಸುರಕ್ಷಾ ಅರವತ್ತೈದಕ್ಕೆ. ಆ ಮನೆಯಲ್ಲಿ ಕಾರ್ಯಕರ್ತರು ಮಾಡಿದ ಕೆಲಸವೇನೆಂದರೆ, ಮಾಸಾಶನದ ಮಾತನ್ನು ಬದಿಗಿಟ್ಟು ಕಣ್ಣಿನ ವೈದ್ಯರ ಬಳಿಗೆ ಎರಡನೆಯ ಸಲ ಕರೆದುಕೊಂಡು ಹೋದದ್ದು. ಒಂದು ಕಣ್ಣಿನಲ್ಲಿ ಪೊರೆಯಿತ್ತು. ಖರ್ಚಿಲ್ಲದೆ ಶಸ್ತ್ರಚಿಕಿತ್ಸೆ ಆಯಿತು. ಈಗ ಅವರು ಸೀರೆ ನೇಯುವುದಿಲ್ಲ. ಬೇರೆಯವರ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಾರೆ. ಅದರಲ್ಲಿ ಬರುವುದು ಮೊದಲಿನ ದುಡಿಮೆಯ ಕಾಲುಭಾಗವೂ ಇಲ್ಲ. ಆದರೂ ಮಗ್ಗದ ಸದ್ದಿನ ನಡುವೆ ಇದ್ದೇನೆ ಎಂದು ಅವರು ಸಮಾಧಾನ ಹೇಳಿಕೊಂಡರು.

ಇಂಗ್ಲೆಂಡಿನ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಸ್ವಾರಸ್ಯವಾಗಿದೆ. ಅಲ್ಲಿನ ೨೦೧೪ರ ಆರೈಕೆ ಕಾಯಿದೆಯ ಪ್ರಕಾರ, ಒಬ್ಬ ವಯಸ್ಕನಿಗೆ ನೆರವು ಬೇಕಾಗಿದೆಯೆಂದು ಮೇಲ್ನೋಟಕ್ಕೆ ತೋರಿದರೂ ಸಾಕು, ಅವನ ಆಸ್ತಿಪಾಸ್ತಿ ಎಷ್ಟೆಂದು ನೋಡದೆ ಸ್ಥಳೀಯ ಸಂಸ್ಥೆ ಅವನ ಅಗತ್ಯಗಳನ್ನು ವಿಚಾರಿಸಲೇಬೇಕು. ಅಲ್ಲಿ ಅಂಗಗಳಿಗೆ ಅಂಕವಿಲ್ಲ. ಹತ್ತು ಸಂಗತಿಗಳ ಪಟ್ಟಿಯೊಂದಿದೆ. ಊಟ ಮಾಡಿಕೊಳ್ಳುವುದು, ಮೈ ತೊಳೆದುಕೊಳ್ಳುವುದು, ಶೌಚ, ಬಟ್ಟೆ ಉಡುವುದು, ಮನೆಯೊಳಗೆ ಅಪಾಯವಿಲ್ಲದೆ ಓಡಾಡುವುದು, ನಂಟರಿಷ್ಟರ ಒಡನಾಟ, ಉದ್ಯೋಗ ಅಥವಾ ಓದು ಮುಂತಾದವು. ಇವುಗಳಲ್ಲಿ ಎರಡನ್ನಾದರೂ ಕಾಯಿಲೆಯಿಂದಲೋ ವೈಕಲ್ಯದಿಂದಲೋ ಮಾಡಿಕೊಳ್ಳಲಾಗದೆ, ಅದರಿಂದ ಬದುಕಿಗೆ ಗಣನೀಯವಾದ ತೊಂದರೆಯಾಗುತ್ತಿದ್ದರೆ ಅವನು ಅರ್ಹ. ನೋಡಿಕೊಳ್ಳುವ ಮಗಳಿಗೋ ಹೆಂಡತಿಗೋ ಏನು ಬೇಕೆಂದು ಕೇಳುವುದೂ ಕಾನೂನಿನಲ್ಲಿದೆ. ಅಲ್ಲಿ ಎಲ್ಲವೂ ಸ್ವರ್ಗವೆಂದು ತಿಳಿಯಬಾರದು. ನೆರವಿನ ಹಣ ಯಾರು ಕೊಡಬೇಕೆಂಬ ಪ್ರಶ್ನೆ ಬಂದಾಗ ಆಸ್ತಿಯ ಲೆಕ್ಕ ಹಿಂಬಾಗಿಲಿನಿಂದ ಬರುತ್ತದೆ. ಆದರೂ ಆ ಹತ್ತು ಸಂಗತಿಗಳನ್ನು ಓದಿದಾಗ ನನಗೆ ಅಕ್ಕನ ಪ್ರಶ್ನೆಗಳೇ ನೆನಪಾದವು. ಅವರು ಆ ಕಾಯಿದೆಯನ್ನು ಓದಿದವರಲ್ಲ.

ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಬೇಕಾದರೆ ನಿಮ್ಮ ಮನೆಯಿಂದಲೇ ಆರಂಭಿಸಿ ಎಂದು ಅಕ್ಕ ಹೇಳಿದರು. ನನ್ನ ತಂದೆ ಚಳ್ಳಕೆರೆಯಲ್ಲಿ ಹಮಾಲಿ ಕೆಲಸ ಮಾಡಿದವರು. ಊರಿನ ಶೇಂಗಾ ಎಣ್ಣೆಯ ಗಿರಣಿಗಳಲ್ಲಿ ಬಹಳಷ್ಟು ಮುಚ್ಚಿದರೂ ಮೂಟೆ ಹೊರುವುದು ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಹೊತ್ತರು. ಅವರಿಗೆ ಅಕ್ಷರ ಬಾರದು. ಮೂಟೆಯ ಮೇಲಿನ ಗುರುತುಗಳನ್ನು ಮಾತ್ರ ಓದಬಲ್ಲರು. ರಾತ್ರಿ ಊಟವಾದ ಮೇಲೆ, ‘ಅಪ್ಪಾ, ಬೆಳಿಗ್ಗೆ ಎದ್ದ ಮ್ಯಾಲೆ ಮೊದ್ಲು ಏನ್ ಮಾಡ್ತೀಯ?’ ಎಂದು ಕೇಳಿದೆ. ‘ನನಗೇನಾಗೈತೆ? ಕಲ್ಲಿದ್ದಂಗಿದೀನಿ. ನಿನ್ ಓದು ನೀನ್ ನೋಡ್ಕ’ ಎಂದರು. ನಾನು ಅಲ್ಲಿಗೇ ಬಿಟ್ಟೆ. ಮರುದಿನ ನಲ್ಲಿಯ ಹತ್ತಿರ ಅವ್ವ ತಾನಾಗಿಯೇ ಹೇಳಿದರು. ಅಪ್ಪ ಎದ್ದ ಕೂಡಲೆ ಮಾಡುವುದು ಏನೂ ಇಲ್ಲ. ಅರ್ಧ ಗಂಟೆ ಗೋಡೆಗೆ ಬೆನ್ನು ಒತ್ತಿ ನಿಂತಿರುತ್ತಾರೆ. ನಾನು ಏಳುವ ಹೊತ್ತಿಗೆ ಅದು ಮುಗಿದಿರುತ್ತದೆ. ಎರಡು ವರ್ಷಗಳಿಂದ ಬಿಂದಿಗೆ ಎತ್ತಿಲ್ಲ. ಹಮಾಲಿಗೆ ಹೋಗುತ್ತೇನೆಂದು ಹೊರಡುವುದು ನಿಜ, ಆದರೆ ಹೊರುವುದಿಲ್ಲ. ಅಂಗಡಿಯೊಂದರ ಮುಂದೆ ಮೂಟೆ ಎಣಿಸಿ ಲೆಕ್ಕ ಹೇಳುತ್ತಾರೆ. ನನ್ನ ಕಾಲೇಜಿನ ಶುಲ್ಕ ಅಷ್ಟರಲ್ಲೇ ಕಟ್ಟಿದ್ದು.

ಅವರು ನಿಲ್ಲಬಲ್ಲರು, ನಡೆಯಬಲ್ಲರು. ಆದುದರಿಂದ ಆಸ್ಪತ್ರೆಗೆ ಹೋದರೂ ನಲವತ್ತು ಬರಲಾರದೆಂಬುದು ಅಕ್ಕನ ಅಭಿಪ್ರಾಯ. ಅಸಂಘಟಿತ ಕಾರ್ಮಿಕರ ಮಂಡಳಿಯಲ್ಲಿ ಹಮಾಲರಿಗೆ ನೋಂದಣಿ ಉಂಟು. ಅದರ ಅರ್ಜಿಯನ್ನು ನಾನೇ ತುಂಬಿದೆ, ಅಪ್ಪ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಅಪಘಾತಕ್ಕೆ ಪರಿಹಾರವಿದೆ. ದಿನಕ್ಕಿಷ್ಟರಂತೆ ಸವೆದ ಬೆನ್ನು ಅಪಘಾತವಾಗುವುದಿಲ್ಲ. ಯಾವ ದಿನಾಂಕ ಬರೆಯುವುದು?

ಈ ಉದ್ಯೋಗಕ್ಕೆ ಸೇರಬೇಕೆಂದು ಇಚ್ಛಿಸುವ ಸಹಪಾಠಿಗಳಿಗೆ ದಾರಿ ಹಲವಿವೆ. ಅಂಗವಿಕಲ ಪದವೀಧರರು ತಾಲ್ಲೂಕಿನ ವಿವಿಧೋದ್ದೇಶ ಕಾರ್ಯಕರ್ತರ ಸ್ಥಾನಕ್ಕೆ ಪ್ರಯತ್ನಿಸಬಹುದು. ಉಳಿದವರಿಗೆ ಗ್ರಾಮ ಆಡಳಿತಾಧಿಕಾರಿಯ ಪರೀಕ್ಷೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಪರೀಕ್ಷೆಗಳಿವೆ. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಓದಿದರೆ ಇನ್ನೂ ಕೆಲವು ಬಾಗಿಲುಗಳು ತೆರೆಯುತ್ತವೆ. ನಾನು ಅದಕ್ಕೆ ಅರ್ಜಿ ಹಾಕುವವಳಿದ್ದೇನೆ. ‘ಮನೆ ಮನೆ ತಿರುಗೋದೂ ಒಂದ್ ಕೆಲ್ಸವಾ’ ಎಂದು ಅಪ್ಪ ಕೇಳಿದರು. ಮೂಟೆ ಎಣಿಸುವ ಹಾಗೆಯೇ ಇದೂ ಎಂದು ಹೇಳಿದೆ. ಒಪ್ಪಿದರೋ ಇಲ್ಲವೋ ತಿಳಿಯದು, ಅರ್ಜಿಯ ಹಣ ಕೊಟ್ಟಿದ್ದಾರೆ.

ಕೊನೆಯದಾಗಿ ಒಂದು ಉಪಯುಕ್ತ ಸೂಚನೆ. ಈ ಲೇಖನ ಓದಿದವರ ಮನೆಯಲ್ಲೋ ನೆರೆಯಲ್ಲೋ ಇಂತಹವರು ಇದ್ದರೆ ಮೊದಲು ತಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಯಾರೆಂದು ವಿಚಾರಿಸಿರಿ. ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ನೂರಕ್ಕೆ ಐದರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ನಿಯಮವಿದೆ. ಅದು ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಎಲ್ಲರಿಗೂ ಉಂಟು. ಹೋಗುವಾಗ ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಎರಡು ಭಾವಚಿತ್ರ, ಆಸ್ಪತ್ರೆಯ ಹಳೆಯ ಚೀಟಿಗಳೇನಾದರೂ ಇದ್ದರೆ ಅವನ್ನೂ ತೆಗೆದುಕೊಂಡು ಹೋಗಬೇಕು. ಎದ್ದು ಬರಲಾಗದವರು ಬರಬೇಕಾದ್ದಿಲ್ಲ, ಹೇಳಿಕಳುಹಿಸಿದರೆ ಸಾಕು. ನಮ್ಮ ಪಂಚಾಯಿತಿಯಲ್ಲಾದರೆ ಮೂರು ಗಾಲಿಯ ಸ್ಕೂಟರು ಮನೆಯ ಮುಂದೆಯೇ ಬಂದು ನಿಲ್ಲುತ್ತದೆ.